ಎದುರು ಪಾಳೆಯದ ಗುರು

ಕೊಪ್ಪಳ ಸೀಮೆಯು ಕಾಲ್ಚೆಂಡಾಟಕ್ಕೆ ಹೆಸರಾದ ನಾಡಲ್ಲ. ಸಂಜೆಯ ಹೊತ್ತು ಯಲಬುರ್ಗಿಯ ಬಯಲಿಗೆ ಹೋದರೆ ಕಬಡ್ಡಿಯ ಉಸಿರು ಕೇಳಿಸೀತು. ಕುಷ್ಟಗಿಯ ಶಾಲೆಯಂಗಳದಲ್ಲಿ ವಾಲಿಬಾಲಿನ ಬಲೆ ಕಂಡೀತು. ಕ್ರಿಕೆಟ್ಟಂತೂ ಗಾಳಿಯಂತೆ ಎಲ್ಲೆಡೆಯೂ ಇದ್ದೇ ಇದೆ. ಗಂಗಾವತಿಯಲ್ಲಾದರೆ ಅಕ್ಕಿಯ ಗಿರಣಿಗಳ ಸದ್ದಿನ ಮುಂದೆ ಉಳಿದ ಸದ್ದುಗಳೆಲ್ಲ ಸಣ್ಣವು. ಇಂತಹ ಸೀಮೆಯಿಂದ ಹೊರಟ ಒಬ್ಬ ತರುಣನು ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಪಶ್ಚಿಮದ ಮೆಟ್ಟಿಲುಗಳ ಮೇಲೆ ನೀಲಿ ಅಂಗಿ ತೊಟ್ಟು ನಿಂತು, ಬಾರ್ಸಿಲೋನಾ ನಗರದ ಒಬ್ಬ ಮನುಷ್ಯನ ಸಲುವಾಗಿ ಕೆಲವು ರಾತ್ರಿ ನಿದ್ದೆಗೆಟ್ಟನೆಂದರೆ, ಆ ಸಂಗತಿಯನ್ನು ಕೊಂಚ ವಿವರವಾಗಿಯೇ ಹೇಳಬೇಕಾಗುತ್ತದೆ.

ನಂಟು ಬೆಳೆದದ್ದು ಉಕ್ಕಿನ ಹಾದಿಯಿಂದ. ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದವರಿಗೆ ಹೊಸಪೇಟೆ ದಾಟಿದ ಮೇಲೆ ಕತ್ತಲೆಯಲ್ಲಿ ದೀಪಗಳ ಒಂದು ಪಟ್ಟಣವೇ ತೇಲಿ ಬರುವುದು ಗೊತ್ತು. ಅದು ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆ. ಆ ಕಾರ್ಖಾನೆಯ ಒಡೆಯರೇ 2013ರಲ್ಲಿ ಬೆಂಗಳೂರು ಫುಟ್‌ಬಾಲ್ ಕ್ಲಬ್ಬನ್ನು ಹುಟ್ಟುಹಾಕಿದರು. 2018ರಲ್ಲಿ ಅದೇ ತೋರಣಗಲ್ಲಿನ ಬಳಿ ಕ್ರೀಡಾಪಟುಗಳಿಗಾಗಿ ಒಂದು ದೊಡ್ಡ ಶಿಕ್ಷಣ ಸಂಸ್ಥೆಯೂ ತೆರೆಯಿತು. ಅಲ್ಲಿಂದ ಮುಂದೆ ಗಂಗಾವತಿಯ ಕಡೆಯ ಹುಡುಗರಿಗೆ, ಬೆಂಗಳೂರಿನ ತಂಡವೆಂದರೆ ಪರಊರಿನದೆನ್ನುವ ಭಾವನೆ ತಾನಾಗಿಯೇ ಕಡಿಮೆಯಾಯಿತು. ನಮ್ಮ ತರುಣನು ಇಂಜಿನಿಯರಿಂಗ್ ಓದಲು ಬೆಂಗಳೂರಿಗೆ ಕಾಲಿಟ್ಟದ್ದೂ 2013ರಲ್ಲಿಯೇ. ಊರಿಗೆ ಹೊಸಬನಾದ ಹುಡುಗ, ಊರಿಗೆ ಹೊಸದಾದ ತಂಡ. ಇಬ್ಬರಿಗೂ ಬೇಗ ಹೊಂದಿಕೆಯಾಯಿತು. ಆ ತಂಡ ತನ್ನ ಮೊದಲ ವರ್ಷವೇ, ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್ಡರ ಶಿಕ್ಷಣದಲ್ಲಿ, ದೇಶದ ಐ-ಲೀಗ್ ಪ್ರಶಸ್ತಿಯನ್ನು ಗೆದ್ದುಬಿಟ್ಟಿತು. ಹಾಸ್ಟೆಲಿನ ಊಟಕ್ಕೆ ಇನ್ನೂ ಒಗ್ಗದ ಹುಡುಗನಿಗೆ ಅಷ್ಟು ಸಾಕಲ್ಲವೇ?

ಕಾರ್ಲೆಸ್ ಕ್ವಾಡ್ರಾಟ್ ಬಂದದ್ದು ಅನಂತರ, 2016ರಲ್ಲಿ, ಆಲ್ಬರ್ಟ್ ರೋಕಾ ಎಂಬ ಮುಖ್ಯ ತರಬೇತುದಾರರ ಸಹಾಯಕರಾಗಿ. ಆ ವರ್ಷ ತಂಡವು ಏಷ್ಯಾದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯದವರೆಗೆ ಹೋಯಿತು. ಭಾರತದ ಯಾವ ಸಂಘವೂ ಅದಕ್ಕೆ ಮೊದಲು ಅಷ್ಟು ದೂರ ಹೋಗಿರಲಿಲ್ಲ. 2018ರ ಮಾರ್ಚ್ 17ರಂದು ಕಂಠೀರವದಲ್ಲಿಯೇ, ತನ್ನ ಮನೆಯಂಗಳದಲ್ಲಿಯೇ, ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯವನ್ನು ತಂಡ ಚೆನ್ನೈಗೆ 2–3ರಲ್ಲಿ ಸೋತಿತು. ರೋಕಾ ಹೊರಟುಹೋದರು. ಸಹಾಯಕರಾಗಿದ್ದ ಕ್ವಾಡ್ರಾಟ್ ಮುಖ್ಯರಾದರು. ಮರುವರ್ಷ, ಅದೇ ಮಾರ್ಚ್ 17, ಮುಂಬಯಿಯ ಅಂಧೇರಿ. ಎದುರಾಳಿ ಗೋವಾ. ತೊಂಬತ್ತು ನಿಮಿಷ ಮುಗಿದರೂ ಗೋಲಿಲ್ಲ. ಹೆಚ್ಚಿನ ವೇಳೆಯಲ್ಲಿ ಗೋವಾದ ಅಹ್ಮದ್ ಜಾಹೂ ಕೆಂಪು ಚೀಟಿ ಪಡೆದು ಹೊರನಡೆದ. 117ನೆಯ ನಿಮಿಷದಲ್ಲಿ ಮೂಲೆಯಿಂದ ಡಿಮಾಸ್ ಡೆಲ್ಗಾಡೊ ಒದ್ದ ಚೆಂಡಿಗೆ ರಾಹುಲ್ ಭೇಕೆ ತಲೆಕೊಟ್ಟ.

ಆ ಒಂದು ಗೋಲನ್ನು ತರುಣನು ಎಷ್ಟು ಸಲ ನೋಡಿದನೆಂಬುದಕ್ಕೆ ಲೆಕ್ಕವಿಲ್ಲ. ಲೀಗಿನ ಪಟ್ಟಿಯಲ್ಲಿ ಮೊದಲಿಗರಾದವರೇ ಕೊನೆಗೆ ಕಪ್ಪನ್ನೂ ಎತ್ತಿದ್ದು ಆ ಪಂದ್ಯಾವಳಿಯಲ್ಲಿ ಅದೇ ಮೊದಲು. ಹಿಂದಿನ ವರ್ಷ ಕಂಠೀರವದ ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕುಳಿತಿದ್ದವನಿಗೆ, ಒಂದು ವರ್ಷ ಸರಿಯಾಗಿ ತುಂಬಿದ ದಿನವೇ ಸಾಲ ತೀರಿದಂತಾಯಿತು. ಅಂತಹ ದಿನ ಒಬ್ಬ ಮನುಷ್ಯನ ಬಾಳಿನಲ್ಲಿ ಎಷ್ಟು ಬರುತ್ತವೆ? ಕೆಲಸ ಸಿಕ್ಕ ದಿನ, ಮದುವೆಯ ದಿನ ಎಂದು ಹಿರಿಯರು ಎಣಿಸಬಹುದು. ಹುಡುಗರ ಎಣಿಕೆಯೇ ಬೇರೆ. ಆ ದಿನವನ್ನು ತಂದುಕೊಟ್ಟವರ ಹೆಸರು ಮನಸ್ಸಿನಲ್ಲಿ ಬೇರೂರಿಬಿಡುತ್ತದೆ.

ಹಾಗೆಂದು ಕ್ವಾಡ್ರಾಟರ ಆಟದ ಬಗೆಯನ್ನು ಎಲ್ಲರೂ ಕೊಂಡಾಡುತ್ತಿದ್ದರೆಂದಲ್ಲ. ಅವರದು ಲೆಕ್ಕಾಚಾರದ ಆಟ. ಮೊದಲು ತನ್ನ ಬಾಗಿಲಿಗೆ ಅಗಳಿ. ಆಮೇಲೆ ಮೂಲೆಯೊದೆತ, ಅಂಚಿನಿಂದ ಎಸೆತ, ದಂಡದ ಒದೆತ, ಹೀಗೆ ನಿಂತ ಚೆಂಡಿನಿಂದ ಬಂದಷ್ಟು ಲಾಭ. ‘ಇದು ಆಟವೋ ಜಮಾಖರ್ಚೋ’ ಎಂದು ಗೊಣಗುವವರು ಮೆಟ್ಟಿಲ ಮೇಲೆ ಇದ್ದರು. ಗೆಲ್ಲುತ್ತಿರುವವರೆಗೆ ಗೊಣಗಾಟ ಮೆಲುದನಿಯಲ್ಲಿರುತ್ತದೆ. ಸೋಲು ಬಂದಾಗ ಅದಕ್ಕೆ ಕಹಳೆ ಸಿಗುತ್ತದೆ.

ಸೋಲು ಬಂದದ್ದು 2020ರ ಕೊನೆಯಲ್ಲಿ. ಅದು ಕೊರೋನಾದ ಕಾಲ. ಪಂದ್ಯಗಳೆಲ್ಲ ಗೋವಾದಲ್ಲಿ, ಬರಿದಾದ ಕ್ರೀಡಾಂಗಣಗಳಲ್ಲಿ ನಡೆಯುತ್ತಿದ್ದವು. ಆಟಗಾರರ ಕೂಗು, ಚೆಂಡಿನ ಸದ್ದು, ದೂರದರ್ಶನದ ಪರದೆಯಲ್ಲಿ ಖಾಲಿ ಕುರ್ಚಿಗಳ ಸಾಲು. ಡಿಸೆಂಬರ್ ತಿಂಗಳಲ್ಲಿ ಎರಡು ಸೋಲು. ಜನವರಿ 5ರಂದು ಮುಂಬಯಿಯ ಎದುರು ಮೂರನೆಯದು. ಮಾರನೆಯ ದಿನ, 2021ರ ಜನವರಿ 6ರಂದು, ಸಂಸ್ಥೆಯೂ ಕ್ವಾಡ್ರಾಟರೂ ಬೇರೆಯಾದರೆಂದು ಪ್ರಕಟಣೆ ಹೊರಟಿತು. ಆಗ ತರುಣನು ಗಂಗಾವತಿಯ ಮನೆಯ ಮಾಳಿಗೆಯ ಮೇಲೆ ಲ್ಯಾಪ್‌ಟಾಪು ಮುಂದಿಟ್ಟುಕೊಂಡು ಕಂಪನಿಯ ಕೆಲಸ ಮಾಡುತ್ತಿದ್ದ. ಸುದ್ದಿ ಓದಿದ. ಸಂದೇಶಗಳನ್ನು ನೋಡಿದ. ‘ಒಳ್ಳೆಯದಾಯಿತು’ ಎಂದು ಬರೆದ ಗೆಳೆಯರಿದ್ದರು; ‘ಅನ್ಯಾಯ’ ಎಂದವರಿದ್ದರು. ಇವನು ಯಾವುದನ್ನೂ ಬರೆಯಲಿಲ್ಲ. ಹಿಂದಿನ ವಾರವಷ್ಟೇ ‘ಇನ್ನು ಸಾಕು, ಬೇರೆಯವರು ಬರಲಿ’ ಎಂದು ಬರೆದವರಲ್ಲಿ ಅವನೂ ಒಬ್ಬ.

ಅಭಿಮಾನಿಗಳನ್ನು ಕಾಡಿದ್ದು ಸೋಲಲ್ಲ, ಬೀಳ್ಕೊಡುಗೆಯ ಅಭಾವ. ನಮ್ಮಲ್ಲಿ ಒಬ್ಬ ಗುಮಾಸ್ತ ನಿವೃತ್ತನಾದರೂ ಶಾಲು, ಹಾರ, ಫಲತಾಂಬೂಲ, ಎರಡು ಮಾತು, ಒಂದು ಗುಂಪು ಭಾವಚಿತ್ರ ಇರುತ್ತದೆ. ಜಗಳವಾಡಿದವರೂ ಆ ದಿನ ಬಂದು ಕೈಮುಗಿಯುತ್ತಾರೆ. ನಾಲ್ಕೂವರೆ ವರ್ಷ ತಂಡದೊಂದಿಗಿದ್ದು ಕಪ್ಪು ತಂದಿತ್ತವರು, ಯಾರೂ ಇಲ್ಲದ ಊರಿನ ಯಾರೂ ಇಲ್ಲದ ಮೈದಾನದಿಂದ ಎದ್ದು ಹೋದರು. ಚಪ್ಪಾಳೆಯಿಲ್ಲ, ಬೈಗುಳವೂ ಇಲ್ಲ. ಕಂಠೀರವದ ಜನ ಅವರನ್ನು ಕೊನೆಯ ಸಲ ಕಂಡದ್ದು 2020ರ ಮಾರ್ಚ್ ಒಂದರಂದು, ಕೋಲ್ಕತ್ತದ ತಂಡವನ್ನು 1–0ರಲ್ಲಿ ಸೋಲಿಸಿದ ರಾತ್ರಿ. ಅದೇ ಕೊನೆಯೆಂದು ಆಗ ಯಾರಿಗೆ ತಿಳಿದಿತ್ತು?

ಎರಡೂವರೆ ವರ್ಷ ಕಳೆದವು. ಅಷ್ಟರಲ್ಲಿ ಬೆಂಗಳೂರಿನ ತಂಡಕ್ಕೆ ತರಬೇತುದಾರರು ಬದಲಾದರು. ಡುರಾಂಡ್ ಕಪ್ಪು ಒಲಿಯಿತು. 2023ರಲ್ಲಿ ಮತ್ತೊಂದು ಅಂತಿಮ ಪಂದ್ಯ ಕೈತಪ್ಪಿತು. ಆ ವರ್ಷವೇ ಸುದ್ದಿ ಬಂದಿತು: ಕ್ವಾಡ್ರಾಟ್ ಭಾರತಕ್ಕೆ ಮರಳುತ್ತಿದ್ದಾರೆ, ಆದರೆ ಬೆಂಗಳೂರಿಗಲ್ಲ, ಕೋಲ್ಕತ್ತದ ಈಸ್ಟ್ ಬೆಂಗಾಲಿಗೆ.

ಇಲ್ಲಿ ಈ ಕಥೆಗೆ ಸಿಂಧನೂರಿನ ಗೆಳೆಯನೊಬ್ಬ ಬರುತ್ತಾನೆ. ಗಂಗಾವತಿಯಿಂದ ಕಾರಟಗಿಯ ಮೇಲೆ ಹಾಯ್ದು ಸಿಂಧನೂರಿಗೆ ಹೋದರೆ, ಅದರ ಆಸುಪಾಸಿನಲ್ಲಿ ಜನ ಆರ್.ಎಚ್. ಕ್ಯಾಂಪು ಎಂದು ಕರೆಯುವ ಊರುಗಳಿವೆ. ಪೂರ್ವ ಬಂಗಾಳದಿಂದ ನೆಲೆ ತಪ್ಪಿ ಬಂದ ಕುಟುಂಬಗಳಿಗೆ ಸರಕಾರ ತುಂಗಭದ್ರೆಯ ನೀರಾವರಿಯ ನೆಲದಲ್ಲಿ ಆಶ್ರಯ ಕೊಟ್ಟ ಊರುಗಳವು. ಆ ಮನೆಗಳಲ್ಲಿ ಬಂಗಾಳಿ ಮಾತನಾಡುತ್ತಾರೆ. ಸಂತೆಯಲ್ಲಿ ನಮ್ಮವರಂತೆಯೇ ಕನ್ನಡ. ತರುಣನ ಗೆಳೆಯನು ಅಲ್ಲಿಯವನು. 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್ ಸಂಘವು, ದೇಶವಿಭಜನೆಯಾದ ಮೇಲೆ, ಗಡಿ ದಾಟಿ ಬಂದವರ ಪಾಲಿಗೆ ಕಳೆದುಹೋದ ಊರಿನ ಹೆಸರನ್ನು ಉಳಿಸಿಕೊಟ್ಟ ಸಂಘ. ಆದುದರಿಂದ ಸಿಂಧನೂರಿನ ಬತ್ತದ ಗದ್ದೆಗಳ ನಡುವೆ ಬೆಳೆದ ಈ ಹುಡುಗನಿಗೆ ಕೆಂಪು-ಹೊಂಬಣ್ಣದ ಅಂಗಿ ಅಜ್ಜನಿಂದ ಬಂದ ಆಸ್ತಿ. ಇಬ್ಬರೂ ಬೆಂಗಳೂರಿನ ಒಂದೇ ಕೋಣೆಯಲ್ಲಿದ್ದರು. ಒಬ್ಬನ ಮಂಚದ ಮೇಲೆ ನೀಲಿ ಧ್ವಜ, ಇನ್ನೊಬ್ಬನದರ ಮೇಲೆ ಕೆಂಪು.

‘ನಿಮ್ಮ ಕೋಚ್ ಈಗ ನಮ್ಮ ಕೋಚ್’ ಎಂದು ಅವನು ಸಿಹಿ ಹಂಚಿದ. ತರುಣನು ತಿಂದ, ಬಾಯಿಗೆ ರುಚಿಸಲಿಲ್ಲ.

ಅವನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಸಂತೋಷವಿತ್ತು: ಅವರು ಮತ್ತೆ ಕಣ್ಣಿಗೆ ಬೀಳುತ್ತಾರೆ. ಹೊಟ್ಟೆಕಿಚ್ಚಿತ್ತು: ಬೇರೆಯವರಿಗೆ ಕಪ್ಪು ತಂದುಕೊಟ್ಟರೆ? ಮುನಿಸಿತ್ತು: ಬರಲೇಬೇಕಾಗಿದ್ದರೆ ಬೇರೆ ದೇಶಕ್ಕೆ ಹೋಗಬಹುದಾಗಿತ್ತು. ಇವೆಲ್ಲದರ ಅಡಿಯಲ್ಲಿ, ‘ಸಾಕು’ ಎಂದು ತಾನೇ ಬರೆದ ಮಾತು ಮುಳ್ಳಿನಂತೆ ಕುಳಿತಿತ್ತು. ಗಂಡನ ಮನೆಯಿಂದ ಕಳಿಸಿಬಿಟ್ಟ ಸೊಸೆ ಮರುಮದುವೆಯಾಗಿ ಎದುರುಮನೆಗೇ ಬಂದಂತೆ ಎಂದು ಮಂಡ್ಯದ ಗೆಳೆಯನೊಬ್ಬ ಹಾಸ್ಯ ಮಾಡಿದ. ಹಾಸ್ಯ ಒರಟಾದುದು; ಆದರೆ ಅತ್ತೆಮನೆಯವರ ಸ್ಥಿತಿ ಅದೇ ಆಗಿತ್ತು. ಈಸ್ಟ್ ಬೆಂಗಾಲಿನಲ್ಲಿ ಆಗ ಕ್ಲೀಟನ್ ಸಿಲ್ವಾ, ಹರ್ಮನ್‌ಜೋತ್ ಖಾಬ್ರಾ, ನಿಶು ಕುಮಾರ್ ಎಂಬ ಬೆಂಗಳೂರಿನ ಹಳಬರೂ ಸೇರಿದ್ದರು. ಅರ್ಧ ಸಂಸಾರವೇ ಅತ್ತ ಸಾಗಿದಂತೆ.

2023ರ ಅಕ್ಟೋಬರ್ 4ರಂದು ಈಸ್ಟ್ ಬೆಂಗಾಲ್ ಕಂಠೀರವಕ್ಕೆ ಬರುವುದೆಂದು ಗೊತ್ತಾಯಿತು. ಕ್ವಾಡ್ರಾಟ್ ಮೈದಾನಕ್ಕೆ ಬಂದಾಗ ಏನು ಮಾಡಬೇಕು? ಚಪ್ಪಾಳೆಯೋ, ಕೂಗಿ ಹಂಗಿಸುವುದೋ, ಸುಮ್ಮನಿರುವುದೋ? ಕೋಣೆಯಲ್ಲಿ, ಕಛೇರಿಯ ಕ್ಯಾಂಟೀನಿನಲ್ಲಿ, ಮೆಟ್ರೋದಲ್ಲಿ ಇದೇ ಮಾತು. ಮುನಿಸಿನವರ ವಾದ ಸುಲಭ: ಎದುರು ಪಾಳೆಯದವನಿಗೆ ಚಪ್ಪಾಳೆ ತಟ್ಟಿದರೆ ನಮ್ಮ ಆಟಗಾರರ ಎದೆಗಾರಿಕೆ ಕುಂದುತ್ತದೆ. ಕೃತಜ್ಞರ ವಾದವೂ ಸುಲಭವೇ. ಇಕ್ಕಟ್ಟು ಎರಡೂ ಸರಿಯೆನಿಸುವವನದು.

ದಸರೆಯ ಮುಂಚಿನ ಒಂದು ರಜೆಗೆ ಅವನು ಊರಿಗೆ ಹೋದ. ತಂದೆ ನಿವೃತ್ತ ಪಿ.ಟಿ. ಮಾಸ್ತರರು. ಆಳು ಎತ್ತರವಲ್ಲ, ಆದರೆ ಸೀಟಿಯ ಧ್ವನಿ ಇನ್ನೂ ಗಂಟಲಿನಲ್ಲಿತ್ತು. ರಾತ್ರಿ ಊಟವಾದ ಮೇಲೆ ಮಗನು ಸಂಗತಿಯನ್ನು ಹೇಳಿದ. ಮಾಸ್ತರರು ಬಹಳ ಹೊತ್ತು ಅಡಿಕೆ ಕತ್ತರಿಸುತ್ತಲೇ ಇದ್ದರು.

“ಅಲ್ಲೋ ತಮ್ಮಾ, ಕಳಿಸಿದವ್ರು ನೀವು. ಅವ್ರು ಹೊಟ್ಟಿಪಾಡಿಗೆ ಬ್ಯಾರೆ ಕಡೆ ದುಡ್ಯಾಕ ಬಂದ್ರ ನಿಮಗ್ಯಾಕ ಸಂಕಟ?”

“ಸಂಕಟ ಅಂದ್ರ… ಅವ್ರು ನಮ್ಮವ್ರು ಅಪ್ಪಾ.”

“ನಮ್ಮವ್ರು,” ಎಂದು ಮಾಸ್ತರರು ಆ ಶಬ್ದವನ್ನು ತೂಗಿ ನೋಡುವಂತೆ ಹೇಳಿದರು. ಆಮೇಲೆ, ಅದುವರೆಗೆ ಮನೆಯಲ್ಲಿ ಯಾರಿಗೂ ಹೇಳದ ಒಂದು ಮಾತನ್ನು ಹೇಳಿದರು.

ಕೊಪ್ಪಳವು ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿ ಎಂಬ ನಾಲ್ಕು ತಾಲೂಕುಗಳು. ಅದಕ್ಕೆ ಮೊದಲು ಎಂಟು ವರ್ಷ ಅವರು ಯಲಬುರ್ಗಿ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿದ್ದು, ಕಲ್ಲು ಆರಿಸಿ ಅಂಕಣ ಮಾಡಿಸಿ, ಬರಿಗಾಲಿನ ಹುಡುಗರಿಗೆ ಕಬಡ್ಡಿ ಕಲಿಸಿದ್ದರು. ಎರಡು ವರ್ಷ ಆ ಹುಡುಗರು ತಾಲೂಕಿಗೇ ಮೊದಲಿಗರು. ಮೂರನೆಯ ವರ್ಷ ಸೋತರು. ಊರಿನ ಹಿರಿಯರು ನಾಲ್ಕು ಮಾತು ಆಡಿದರು; ಅದರ ಬೆನ್ನಿಗೇ ವರ್ಗದ ಆಜ್ಞೆ ಬಂದಿತು, ಕುಷ್ಟಗಿ ಕಡೆಗೆ. ಮಾತಿಗೂ ಆಜ್ಞೆಗೂ ಸಂಬಂಧವಿತ್ತೋ ಇಲ್ಲವೋ, ಅದನ್ನು ಅವರು ವಿಚಾರಿಸಲಿಲ್ಲ. ಹೊಸ ಜಿಲ್ಲೆಯ ಕ್ರೀಡಾಕೂಟ ಕೊಪ್ಪಳದಲ್ಲಿ ನಡೆದಾಗ, ಅವರು ಕುಷ್ಟಗಿಯ ಹುಡುಗರನ್ನು ಕರೆದುಕೊಂಡು ಬಂದರು. ಎದುರಿಗೆ ಯಲಬುರ್ಗಿಯ ಹಳೆಯ ಹುಡುಗರೇ ನಿಂತರು.

“ಅಂಕಣಕ್ಕ ಬಂದಾಗ ಒಬ್ಬಾಕಿ… ಒಬ್ಬ ಹುಡುಗನೂ ನನ್ನ ಮಾರಿ ನೋಡಲಿಲ್ಲ. ಗೆರಿ ನೋಡ್ಕೋತ ನಿಂತ್ರು. ಯಾರ ಕಾಲ ಎಷ್ಟು ಚುರುಕು, ಯಾರು ಎಡಕ್ಕ ಹೊಳ್ಳತಾರ, ಯಾರ ಉಸಿರು ಯಾವಾಗ ಹಾರತದ, ಎಲ್ಲಾ ನನಗ ಗೊತ್ತು. ಗೊತ್ತಿದ್ದದ್ದನ್ನ ನಮ್ಮ ಹುಡುಗ್ರಿಗೆ ಹೇಳಬೇಕೋ ಬ್ಯಾಡೋ? ಹೇಳಿದೆ. ಹೇಳೋದs ನನ್ನ ಕೆಲಸ. ಗೆದ್ದಿವಿ.”

“ಆಮ್ಯಾಲೆ?”

“ಆಮ್ಯಾಲೇನು? ಅವತ್ತು ಊಟ ಸೇರಲಿಲ್ಲ. ಬಸ್‌ಸ್ಟ್ಯಾಂಡಿನ್ಯಾಗ ಯಲಬುರ್ಗಿ ಬಸ್ ಹೊರಡೋ ಮುಂದ ಅವರ ನಾಯಕ ಇಳದು ಬಂದ. ಏನೂ ಮಾತಾಡಲಿಲ್ಲ. ಕಾಲು ಮುಟ್ಟಿ ಓಡಿ ಹೋಗಿ ಬಸ್ ಹತ್ತಿದ. ಅಷ್ಟs.”

ಮಾಸ್ತರರು ಅಡಿಕೆಯನ್ನು ಬಾಯಿಗೆ ಹಾಕಿಕೊಂಡು, ಭಾರತದ ಕಥೆಗೆ ಹೊರಳಿದರು. ಯುದ್ಧ ಮೊದಲಾಗುವ ಮುಂಚೆ ಧರ್ಮರಾಯನು ಕವಚ ಕಳಚಿ, ಬರಿಗಾಲಿನಲ್ಲಿ ಕೌರವರ ಸೇನೆಯ ಕಡೆಗೆ ನಡೆದುಹೋದನಷ್ಟೆ. ತಮ್ಮಂದಿರಿಗೆ ದಿಗಿಲು, ಎದುರಿನವರಿಗೆ ನಗು. ಅವನು ಹೋದದ್ದು ಭೀಷ್ಮ ದ್ರೋಣರ ಕಾಲಿಗೆರಗಿ ಯುದ್ಧಕ್ಕೆ ಅಪ್ಪಣೆ ಕೇಳುವುದಕ್ಕೆ. ಕೇಳಿ, ಆಶೀರ್ವಾದ ಪಡೆದು, ತಿರುಗಿ ಬಂದು ಕವಚ ತೊಟ್ಟು ಅವರ ಮೇಲೆಯೇ ಬಾಣ ಬಿಟ್ಟ. ಇಂತಹ ಕಡೆ ಪುರಾಣದ ಹೋಲಿಕೆ ಕೊಂಚ ಭಾರವಾದೀತು. ತೊಂಬತ್ತು ನಿಮಿಷದ ಆಟಕ್ಕೆ ಹದಿನೆಂಟು ದಿನದ ಯುದ್ಧವೇ? ಆದರೆ ಮಾಸ್ತರರು ಅದನ್ನು ಹೋಲಿಕೆಯಾಗಿ ಹೇಳಲಿಲ್ಲ. ನೆರೆಮನೆಯ ಸುದ್ದಿಯಂತೆ ಹೇಳಿದರು.

ಅಕ್ಟೋಬರ್ 4 ಬುಧವಾರ. ಕಛೇರಿಯಿಂದ ನೇರವಾಗಿ ಇಬ್ಬರೂ ಗೆಳೆಯರು ಕಂಠೀರವಕ್ಕೆ ಹೋಗಿ, ದ್ವಾರದ ಬಳಿ ಬೇರೆಬೇರೆಯಾದರು. ಕಂಠೀರವದಲ್ಲಿ ಪ್ರೇಕ್ಷಕನಿಗೂ ಆಟಕ್ಕೂ ನಡುವೆ ಓಟದ ಹಾದಿ ಸುತ್ತುವರಿದಿದೆ. ಅಂಚಿನಲ್ಲಿ ನಿಂತ ತರಬೇತುದಾರರ ಮುಖಭಾವ ಅಷ್ಟು ದೂರದಿಂದ ಕಾಣದು. ಕಂಡದ್ದು ನಿಲುವು ಮಾತ್ರ. ಕೈಬೀಸಿ ಆಟಗಾರರನ್ನು ಹಿಂದೆ ಸರಿಸುವ ಆ ಹಳೆಯ ರೀತಿ. ತರುಣನು ಚಪ್ಪಾಳೆ ತಟ್ಟಿದ. ಪಕ್ಕದವನು ತಟ್ಟಲಿಲ್ಲ, ಬೇಡವೆಂದೂ ಹೇಳಲಿಲ್ಲ. ಆಮೇಲೆ ಆಟ ಮೊದಲಾಯಿತು, ಎಲ್ಲರಿಗೂ ಗಂಟಲು ತಾನಾಗಿಯೇ ತೆರೆಯಿತು.

ಮೊದಲ ಗೋಲು ಈಸ್ಟ್ ಬೆಂಗಾಲಿನದು, ನವೊರೆಮ್ ಮಹೇಶನಿಂದ. ಕೆಲವೇ ನಿಮಿಷಗಳಲ್ಲಿ ಸುನಿಲ್ ಛೇತ್ರಿ ದಂಡದ ಒದೆತದಿಂದ ಸರಿಗಟ್ಟಿದ. ಎರಡನೆಯ ಅರ್ಧದಲ್ಲಿ ಹಾವಿ ಹೆರ್ನಾಂಡೆಜ್ ನೆಲಕ್ಕೆ ಬೆನ್ನು ಮಾಡಿ ಗಾಳಿಯಲ್ಲಿ ತೇಲಿ, ತಲೆಯ ಮೇಲಿನಿಂದ ಚೆಂಡನ್ನು ಒದ್ದು ಬಲೆಗೆ ಸೇರಿಸಿದ. 2–1. ಆ ಗೋಲು ಯಾವ ಜಮಾಖರ್ಚಿನ ಪುಸ್ತಕಕ್ಕೂ ಒಗ್ಗದ ಗೋಲು. ಅದನ್ನು ಕಂಡು ತರುಣನು ಪಕ್ಕದ ಅಪರಿಚಿತನನ್ನು ತಬ್ಬಿಕೊಂಡ. ಮುಂದಿನ ಇಪ್ಪತ್ತು ನಿಮಿಷ ಅವನು ಕ್ವಾಡ್ರಾಟರನ್ನು ಒಮ್ಮೆಯೂ ನೆನೆಯಲಿಲ್ಲವೆಂಬುದೇ ಸತ್ಯ. ಸೀಟಿ ಊದಿದ ಮೇಲೆ ನೆನಪಾಯಿತು. ತಿರುಗಿ ನೋಡುವಷ್ಟರಲ್ಲಿ ಅವರು ಒಳಗೆ ಹೋಗಿಯಾಗಿತ್ತು.

ಗೆದ್ದವನಿಗೆ ಔದಾರ್ಯ ಸುಲಭ. ಅದರ ಪರೀಕ್ಷೆ ಜನವರಿಯಲ್ಲಿ ಬಂದಿತು. 2024ರ ಜನವರಿ 27ರಂದು ಕೊಪ್ಪಳದ ಗವಿಸಿದ್ಧೇಶ್ವರನ ತೇರು. ತರುಣನು ತಂದೆತಾಯಿಯರೊಡನೆ ಜಾತ್ರೆಗೆ ಹೋಗಿದ್ದ. ಲಕ್ಷಾಂತರ ಜನರ ನಡುವೆ ತೇರಿಗೆ ಉತ್ತತ್ತಿ ಎಸೆದು, ಮಹಾದಾಸೋಹದಲ್ಲಿ ರೊಟ್ಟಿ ಮಾದಲಿ ಉಂಡು, ಆ ರಾತ್ರಿ ನೆಂಟರ ಮನೆಯಲ್ಲಿ ಉಳಿದರು. ಮಾರನೆಯ ಸಂಜೆ ಭುವನೇಶ್ವರದಲ್ಲಿ ಸೂಪರ್ ಕಪ್ಪಿನ ಅಂತಿಮ ಪಂದ್ಯ, ಒಡಿಶಾಕ್ಕೂ ಈಸ್ಟ್ ಬೆಂಗಾಲಿಗೂ. ನೆಂಟರ ಮನೆಯ ಜಗುಲಿಯ ಮೇಲೆ, ಮೊಬೈಲಿನ ಪುಟ್ಟ ಪರದೆಯಲ್ಲಿ, ಮಾಸ್ತರರೂ ಮಗನೂ ತಲೆಗೆ ತಲೆ ತಾಗಿಸಿ ನೋಡಿದರು. ಆಟ ಮುಗಿಯುತ್ತ ಬಂದಾಗ ಈಸ್ಟ್ ಬೆಂಗಾಲ್ ಮುಂದಿತ್ತು. ಕಟ್ಟಕಡೆಯ ಗಳಿಗೆಯಲ್ಲಿ ಒಡಿಶಾಕ್ಕೆ ದಂಡದ ಒದೆತ ದೊರೆತು, ಸರಿಸಮವಾಯಿತು. ಒದ್ದವನು ಅದೇ ಅಹ್ಮದ್ ಜಾಹೂ, 2019ರಲ್ಲಿ ಅಂಧೇರಿಯಿಂದ ಕೆಂಪು ಚೀಟಿ ಪಡೆದು ಹೊರನಡೆದವನು. ಹೆಚ್ಚಿನ ವೇಳೆಯಲ್ಲಿ ಕ್ಲೀಟನ್ ಸಿಲ್ವಾ ಗೋಲು ಹೊಡೆದು 3–2 ಮಾಡಿದ. ಹನ್ನೆರಡು ವರ್ಷಗಳ ಮೇಲೆ ಈಸ್ಟ್ ಬೆಂಗಾಲಿಗೆ ದೇಶದ ಮಟ್ಟದ ಕಪ್ಪು ಸಿಕ್ಕಿತು. ಬೆಂಗಳೂರಿನ ಹಳೆಯ ಗುರು. ಬೆಂಗಳೂರಿನ ಹಳೆಯ ಆಟಗಾರ. ಕಪ್ಪು ಮಾತ್ರ ಕೋಲ್ಕತ್ತಕ್ಕೆ.

ಸಿಂಧನೂರಿನಿಂದ ಗೆಳೆಯನ ದೂರವಾಣಿ ಬಂದಿತು. ಹಿಂದಿನಿಂದ ಪಟಾಕಿಯ ಸದ್ದು, ಹೆಂಗಸರ ಶಂಖಧ್ವನಿ. ‘ಅಜ್ಜ ಅಳ್ತಾ ಇದ್ದಾನೆ’ ಎಂದ ಅವನು. ತರುಣನು ಅಭಿನಂದನೆ ಹೇಳಿದ, ಹೇಳಿದ್ದು ಮನಃಪೂರ್ವಕವಾಗಿಯೇ. ಆಮೇಲೆ ಮೊಬೈಲನ್ನು ಕೆಳಗಿಟ್ಟು, “ಇದು ನಮಗ ಬರಬೇಕಿತ್ತು ಅಪ್ಪಾ” ಎಂದ. ಅದೂ ಮನಃಪೂರ್ವಕವೇ. ಏಪ್ರಿಲಿನಲ್ಲಿ ಕೋಲ್ಕತ್ತದಲ್ಲಿ ಈಸ್ಟ್ ಬೆಂಗಾಲ್ ಬೆಂಗಳೂರನ್ನು 2–1ರಲ್ಲಿ ಸೋಲಿಸಿದಾಗ ಮುನಿಸಿನ ಪಕ್ಷದವರು, ‘ತಟ್ಟು ಇನ್ನೊಂದು ಚಪ್ಪಾಳೆ’ ಎಂದು ಅವನನ್ನು ಹಂಗಿಸದೆ ಬಿಡಲಿಲ್ಲ.

ಅಷ್ಟರಲ್ಲಿ ಬೆಂಗಳೂರಿನಲ್ಲಿಯೂ ಒಂದು ಮರಳಿಕೆ ನಡೆದಿತ್ತು. 2023ರ ಡಿಸೆಂಬರಿನಲ್ಲಿ ತಂಡದ ಹೊಣೆ ಹೊತ್ತ ಗೆರಾರ್ಡ್ ಸರಗೋಸಾ, ಹಿಂದೆ ಇದೇ ತಂಡದಲ್ಲಿ ಕ್ವಾಡ್ರಾಟರ ಕೈಕೆಳಗೆ ಸಹಾಯಕರಾಗಿದ್ದವರು. ಅವರ ಆಗಮನಕ್ಕೆ ಯಾರೂ ಮುನಿಸು ತೋರಲಿಲ್ಲ, ವಾದ ಹೂಡಲಿಲ್ಲ. ಸಹಾಯಕನನ್ನು ಯಾರೂ ಬೈದಿರುವುದಿಲ್ಲ. ಬೈದವರನ್ನು ಮತ್ತೆ ಕಾಣುವಾಗ ಮಾತ್ರ ನಾಚಿಕೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ಹತ್ತೊಂಬತ್ತನೆಯ ಗೇಟು ಸರಪಳಿ ಹರಿದು ಕೊಚ್ಚಿಹೋಯಿತು. ಗಂಗಾವತಿಯಲ್ಲಿ ಕಾಲ್ಚೆಂಡನ್ನು ನೆನೆಯುವವರು ಯಾರು? ತುಂಬಿದ ಕೆರೆಯಂತಿದ್ದ ಜಲಾಶಯ ಕಣ್ಣೆದುರಿಗೇ ಬರಿದಾಗುತ್ತಿತ್ತು. ಎರಡನೆಯ ಬೆಳೆಯ ಮಾತಿರಲಿ, ನಿಂತ ಬೆಳೆಗೆ ನೀರು ಸಾಕಾದೀತೇ ಎಂಬ ಚಿಂತೆ. ಆಗ ಕರೆಸಿದ್ದು ಗೇಟುಗಳ ಕೆಲಸದಲ್ಲಿ ತಲೆ ನರೆತ, ನಿವೃತ್ತರಾದ ಕನ್ನಯ್ಯ ನಾಯ್ಡು ಎಂಬ ತಜ್ಞರನ್ನು. ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನು ಇಳಿಸಿ, ವಾರದೊಳಗಾಗಿ ಬಾಯಿ ಮುಚ್ಚಿದರು. ಮಾಸ್ತರರು ಮಗನಿಗೆ ದೂರವಾಣಿಯಲ್ಲಿ ಇದನ್ನು ಮೂರು ದಿನ ವರ್ಣಿಸಿದರು. “ನೋಡು, ಮುದುಕ್ರು ಬೇಕಾದ್ರು” ಎಂದು ಪ್ರತಿಸಲವೂ ಸೇರಿಸಿದರು. ಅದು ಯಾರ ಕುರಿತು ಎಂದು ಮಗನು ಕೇಳಲಿಲ್ಲ.

ಸೆಪ್ಟೆಂಬರ್ 14ರಂದು ಹೊಸ ಋತುವಿನ ಮೊದಲ ಪಂದ್ಯಕ್ಕೇ ಈಸ್ಟ್ ಬೆಂಗಾಲ್ ಮತ್ತೆ ಕಂಠೀರವಕ್ಕೆ ಬಂದಿತು. ಈ ಕಡೆಯ ಅಂಚಿನಲ್ಲಿ ಸರಗೋಸಾ, ಆ ಕಡೆಯಲ್ಲಿ ಕ್ವಾಡ್ರಾಟ್, ಶಿಷ್ಯನೂ ಗುರುವೂ. ಇಪ್ಪತ್ತು ತುಂಬದ ವಿನೀತ್ ವೆಂಕಟೇಶ್ ಎಂಬ ಬೆಂಗಳೂರಿನ ಹುಡುಗ ಗೋಲು ಹೊಡೆದ. ಅದೊಂದೇ ಗೋಲಿನಿಂದ ಪಂದ್ಯ ಗೆದ್ದಿತು. ಈ ಸಲ ತರುಣನ ಚಪ್ಪಾಳೆಯ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಒಂದು ವರ್ಷದಲ್ಲಿ ಹಳೆಯ ಗುರು ಬರಿಯ ಎದುರಾಳಿಯಾಗಿಬಿಟ್ಟಿದ್ದರು. ಅವನಿಗೂ ಹಾಗೆಯೇ ಅನಿಸಿತು. ಅನಿಸಿದ್ದಕ್ಕೆ ತುಸು ಬೇಸರವೂ ಆಯಿತು.

ಈಸ್ಟ್ ಬೆಂಗಾಲ್ ಕೇರಳಕ್ಕೆ ಸೋತಿತು, ಗೋವಾಕ್ಕೆ ಸೋತಿತು. ಸೆಪ್ಟೆಂಬರ್ 30ರಂದು ಕ್ವಾಡ್ರಾಟ್ ರಾಜೀನಾಮೆ ಕೊಟ್ಟರು. ಕೋಣೆಯಲ್ಲಿ ಸಿಂಧನೂರಿನ ಗೆಳೆಯನು ಮಂಚದ ಮೇಲೆ ಕುಳಿತು, “ಒಳ್ಳೇದೇ ಆಯ್ತು, ಸಾಕಾಗಿತ್ತು” ಎಂದ. ತರುಣನು ಅವನನ್ನೇ ನೋಡಿದ. ಮೂರು ಸೋಲು, ಒಂದು ಪ್ರಕಟಣೆ, ‘ಸಾಕು’ ಎಂಬ ಮಾತು. ಎಲ್ಲವೂ ಅವನು ಮೊದಲೇ ಓದಿದ ಪುಸ್ತಕ. ಎಂಟು ತಿಂಗಳ ಹಿಂದೆ ಇದೇ ಹುಡುಗನ ಅಜ್ಜ ಆನಂದದಿಂದ ಅತ್ತಿದ್ದರು.

ರಾತ್ರಿ ಊರಿಗೆ ದೂರವಾಣಿ ಮಾಡಿದ. ಮಾಸ್ತರರು ಎಲ್ಲವನ್ನೂ ಕೇಳಿ, “ಈಗ ಖಾಲಿ ಇದ್ದಾರಂದ್ರ, ನಿಮ್ಮ ತಂಡಕ್ಕs ತಿರುಗಿ ಕರೆದ್ರ?” ಎಂದರು.

ಇದು ಅವನು ನಿರೀಕ್ಷಿಸದ ಪ್ರಶ್ನೆ. ಸರಗೋಸಾ ಚೆನ್ನಾಗಿ ನಡೆಸುತ್ತಿದ್ದಾರೆ ಎಂದ. ಕಾಲ ಬದಲಾಗಿದೆ ಎಂದ. ಆ ಮೂಲೆಯೊದೆತದ ಆಟ ಈಗ ನಡೆಯುವುದಿಲ್ಲ ಎಂದ. ಇಷ್ಟು ಕಾರಣ ಕೊಟ್ಟ ಮೇಲೆ, “ಆದ್ರ ಒಂದು ಸಲ ಕಂಠೀರವಕ್ಕ ಕರೆಸಿ, ಒಂದು ಹಾರ ಹಾಕಿ ಕಳಿಸಬೇಕಿತ್ತು” ಎಂದ.

“ಯಾರು ಹಾಕಬೇಕು?”

“ಯಾರಾದ್ರೂ.”

“ನಿನಗ ಹೊಳದದ್ದು ನೀನs ಮಾಡಬೇಕಪ್ಪಾ,” ಎಂದು ಮಾಸ್ತರರು ದೂರವಾಣಿಯನ್ನು ತಾಯಿಯ ಕೈಗೆ ಕೊಟ್ಟರು. ಒಂದು ಹಾರವನ್ನು ಬಾರ್ಸಿಲೋನಾಕ್ಕೆ ಕಳಿಸುವುದು ಹೇಗೆ? ಅದರ ಬದಲು ಅವನು ಆ ರಾತ್ರಿ ಒಂದು ಪತ್ರ ಬರೆದ. ಮುಂಬಯಿಯ ರಾತ್ರಿಯ ವಿಷಯ ಅದರಲ್ಲಿತ್ತು. ‘ಸಾಕು’ ಎಂದು ಬರೆದದ್ದೂ ಇತ್ತು. ವಿಳಾಸ ಗೊತ್ತಿಲ್ಲದ್ದರಿಂದ ಅದು ಕಳಿಸದೆಯೇ ಉಳಿಯಿತು.

ಹಳಬರು ಎದುರು ಪಾಳೆಯದಲ್ಲಿ ಕಾಣಿಸಿಕೊಳ್ಳುವುದು ಇವರೊಬ್ಬರಿಗೇ ಸೇರಿದ ಸಂಗತಿಯಲ್ಲ. ಬೆಂಗಳೂರಿಗೆ ಮೊದಲ ಪ್ರಶಸ್ತಿ ತಂದ ವೆಸ್ಟ್‌ವುಡ್ಡರು 2025ರ ಜೂನ್ 10ರಂದು ಹಾಂಗ್‌ಕಾಂಗ್ ತಂಡದ ಗುರುವಾಗಿ ನಿಂತು, ಭಾರತವನ್ನೇ 1–0ರಲ್ಲಿ ಸೋಲಿಸಿದರು. ಎದುರಿನ ಭಾರತದ ತಂಡದಲ್ಲಿ ಅವರ ಹಳೆಯ ನಾಯಕ ಛೇತ್ರಿ ಇದ್ದ. ಅಂದು ಮಾತ್ರ ತರುಣನಿಗೆ ಬರಿಯ ಸಿಟ್ಟು ಬಂದಿತು. ದೇಶದ ಮಾತು ಬಂದಾಗ ಕೃತಜ್ಞತೆ ಹಿಂದಿನ ಬೆಂಚಿಗೆ ಹೋಗುತ್ತದೆ.

ಎರಡು ತಿಂಗಳ ಮೇಲೆ, ಆಗಸ್ಟಿನಲ್ಲಿ, ಕ್ವಾಡ್ರಾಟ್ ಫಿಲಿಪ್ಪೀನ್ಸ್ ದೇಶದ ತಂಡಕ್ಕೆ ತರಬೇತುದಾರರಾದರೆಂದು ಪತ್ರಿಕೆಯಲ್ಲಿ ಬಂದಿತು. ತರುಣನು ಆಗ ಊರಿನಲ್ಲಿದ್ದ. ಓದಿ ಹೇಳಿದ. ತಾಯಿ ಅಕ್ಕಿ ಆರಿಸುತ್ತ ಕುಳಿತಿದ್ದರು. ಅಷ್ಟು ದಿನದಿಂದ ಮನೆಯಲ್ಲಿ ಕೇಳಿ ಕೇಳಿ ಆ ಹೆಸರು ಅವರಿಗೂ ನೆಂಟರ ಹೆಸರಿನಂತಾಗಿತ್ತು.

“ಆ ದೇಶದಾಗ ಏನು ಉಣ್ತಾರ?” ಎಂದು ಕೇಳಿದರು.

“ಅನ್ನ,” ಎಂದರು ಮಾಸ್ತರರು. “ನಮ್ಮ ಗದ್ದ್ಯಾಗ ಹಚ್ಚತಿದ್ದಿವಲ್ಲ ಐ.ಆರ್. ಅರವತ್ನಾಕು, ಆ ತಳಿ ಅಲ್ಲಿಂದs ಬಂದದ್ದು.”

“ಹಂಗಾದ್ರ ಚಿಂತಿ ಇಲ್ಲ ಬಿಡು,” ಎಂದು ತಾಯಿ ಮೊರವನ್ನು ಇನ್ನೊಮ್ಮೆ ಕೇರಿದರು.